ಶ್ರೀಯವರ ಬಾಳಿನಲ್ಲಿ ೧೯೨೬

ಸಾಹಿತ್ಯ ಚರಿತ್ರೆಯಲ್ಲಿ ಒಂದೇ ವರ್ಷವನ್ನು ಬೆರಳಿಟ್ಟು ತೋರಿಸಿ, ಇಲ್ಲಿಂದ ಹೊಳೆ ದಿಕ್ಕು ಬದಲಿಸಿತೆಂದು ಹೇಳುವುದು ಸಾಹಸದ ಮಾತು. ಪಂಪಕವಿ ತನ್ನ ಎರಡು ಮಹಾಕಾವ್ಯಗಳನ್ನು ರಚಿಸಿದ ಕ್ರಿ.ಶ. ೯೪೧ರ ಆಸುಪಾಸನ್ನು ಬಿಟ್ಟರೆ, ಹಾಗೆ ಹೇಳಲು ಧೈರ್ಯ ಬರುವ ಸಂದರ್ಭಗಳು ನಮ್ಮಲ್ಲಿ ವಿರಳ. ಆದರೂ ಹೊಸಗನ್ನಡದ ಮಟ್ಟಿಗೆ ನಾನು ೧೯೨೬ನ್ನು ಹೆಸರಿಸಲು ಹಿಂಜರಿಯುವುದಿಲ್ಲ. ಎರಡು ಮಹಾಯುದ್ಧಗಳ ನಡುವಣ ಆ ಒಂದು ವರ್ಷದಲ್ಲಿ ಒಬ್ಬನೇ ಲೇಖಕನಿಂದ ಎರಡು ಪುಸ್ತಕಗಳು ಹೊರಬಂದವು. ಒಂದು, ಪರದೇಶದ ಕವಿತೆಗಳನ್ನು ಕನ್ನಡದ ಕೊರಳಿಗೆ ಒಗ್ಗಿಸಿಕೊಂಡ 'ಇಂಗ್ಲಿಷ್ ಗೀತಗಳು'. ಇನ್ನೊಂದು, ಹತ್ತನೆಯ ಶತಮಾನದ ರನ್ನನನ್ನು ರಂಗಭೂಮಿಗೆ ಕರೆತಂದ 'ಗದಾಯುದ್ಧ ನಾಟಕಂ'. ಒಂದು ಮುಂದಕ್ಕೆ ನೋಡುವ ಪುಸ್ತಕ, ಇನ್ನೊಂದು ಹಿಂದಕ್ಕೆ ನೋಡುವ ಪುಸ್ತಕ. ಎರಡನ್ನೂ ಬರೆದವರು ಕನ್ನಡದ ಅಧ್ಯಾಪಕರಲ್ಲ, ಇಂಗ್ಲಿಷಿನ ಪ್ರಾಧ್ಯಾಪಕರು: ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು. ಕನ್ನಡಿಗರೆಲ್ಲರಿಗೂ ಅವರು 'ಶ್ರೀ'.

ಶ್ರೀಯವರು ೧೮೮೪ರ ಜನವರಿ ೩ರಂದು ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ. ಮನೆತನದ ಊರು ನಾಗಮಂಗಲ ಸೀಮೆಯ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯ ಕಳೆದದ್ದು ಕಾವೇರಿಯ ತೀರದಲ್ಲಿ. ಹೀಗಾಗಿ ಅವರನ್ನು ತುಮಕೂರಿನವರೆಂದು ಹೇಳಿಕೊಳ್ಳಲು ನಮಗಿರುವ ಹಕ್ಕು ಅಷ್ಟೇನೂ ದೊಡ್ಡದಲ್ಲ. ಅದರಲ್ಲಿಯೂ ನಾನಿರುವುದು ಜಿಲ್ಲೆಯ ಉತ್ತರದ ತುದಿಯ ಮಧುಗಿರಿಯಲ್ಲಿ. ಸಂಪಿಗೆ ದಕ್ಷಿಣದ ತೆಂಗಿನ ಸೀಮೆ. ನಮ್ಮದು ಬೋಳುಬೆಟ್ಟ, ಕಡಲೆಕಾಯಿ ಹೊಲ, ಒಣಗಿದ ಕೆರೆಗಳ ಸೀಮೆ. ಆದರೆ ಸಂಪಿಗೆಗೆ ಒಂದು ಐತಿಹ್ಯವಿದೆ. ಜೈಮಿನಿ ಭಾರತದಲ್ಲಿ ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದೂ ಬದುಕಿದ ಸುಧನ್ವನ ಕಥೆ ಬರುತ್ತದಷ್ಟೆ. ಅವನ ತಂದೆ ಹಂಸಧ್ವಜನ ಚಂಪಕಾಪುರಿಯೇ ಈ ಸಂಪಿಗೆಯೆಂದು ಆ ಭಾಗದ ಜನರ ನಂಬಿಕೆ. ಇತಿಹಾಸಜ್ಞರು ಒಪ್ಪುವರೋ ಬಿಡುವರೋ, ಜೈಮಿನಿ ಭಾರತದ ಈ ನಂಟನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಮುಂದೆ ಅದರಿಂದ ಕೆಲಸವಿದೆ.

ಅವರ ವಿದ್ಯಾಭ್ಯಾಸದ ವಿವರ ಅಂದಿನ ಬುದ್ಧಿವಂತ ತರುಣರೆಲ್ಲರ ವಿವರವೇ: ಮೈಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದರಾಸಿನಲ್ಲಿ ನ್ಯಾಯಶಾಸ್ತ್ರ, ಆಮೇಲೆ ಎಂ.ಎ. ಪದವಿ. ೧೯೦೯ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ತಂದೆಯ ವೃತ್ತಿಯನ್ನು ಹಿಡಿದಿದ್ದರೆ ಕನ್ನಡಕ್ಕೆ ಏನಾಗುತ್ತಿತ್ತೋ ಊಹಿಸುವುದು ಬೇಡ.

ಕೆಲಸಕ್ಕೆ ಸೇರಿ ಎರಡು ವರ್ಷವಾಗುವಷ್ಟರಲ್ಲಿ, ೧೯೧೧ರಲ್ಲಿ, ಇಪ್ಪತ್ತೇಳರ ಈ ತರುಣ ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆ ಎತ್ತುವ ಬಗೆ' ಎಂಬ ಭಾಷಣ ಮಾಡಿದರು. ಆ ಶೀರ್ಷಿಕೆಯಲ್ಲೇ ಒಂದು ನೋವಿದೆ. ತಲೆ ಎತ್ತುವ ಬಗೆಯನ್ನು ಕುರಿತು ಮಾತನಾಡಬೇಕಾದರೆ ತಲೆ ತಗ್ಗಿರಬೇಕು. ಕಲಿತವರು ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದರು, ಪಂಡಿತರು ಸಂಸ್ಕೃತವನ್ನೂ ಹಳಗನ್ನಡವನ್ನೂ ಬಿಟ್ಟು ಕದಲಲೊಲ್ಲರು, ನಡುವೆ ಜನದ ಮಾತು ಅನಾಥ. ನಾಡಾದರೂ ಒಂದಾಗಿತ್ತೇ? ಮೈಸೂರು ಅರಸರ ಕೈಯಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಳ್ಳಾರಿ ಮಂಗಳೂರುಗಳು ಮದರಾಸಿನಲ್ಲಿ, ಕಲಬುರ್ಗಿ ನಿಜಾಮರಲ್ಲಿ, ಕೊಡಗು ಬೇರೆಯೇ. ಮೈಸೂರಿನ ಅಧ್ಯಾಪಕನೊಬ್ಬ ಧಾರವಾಡಕ್ಕೆ ಹೋಗಿ ಕನ್ನಡದ ಮಾತನ್ನಾಡುವುದೆಂದರೆ ಆಗ ಆಡಳಿತದ ಗಡಿಯೊಂದನ್ನು ದಾಟಿದಂತೆ. ಇಂಗ್ಲಿಷಿನ ಸತ್ತ್ವವನ್ನು ಹೀರಿಕೊಳ್ಳಬೇಕು, ಹಳೆಯದರ ಸಾರವನ್ನು ಬಿಡಬಾರದು, ಬರೆಯುವ ಕನ್ನಡ ಆಡುವ ಕನ್ನಡಕ್ಕೆ ಹತ್ತಿರವಾಗಬೇಕು ಎಂಬುದು ಅವರ ನಿಲುವಿನ ಸಾರ. ಹೇಳುವುದು ಸುಲಭ. ಹೇಳಿದ್ದನ್ನು ಮಾಡಿ ತೋರಿಸಲು ಅವರಿಗೆ ಹದಿನೈದು ವರ್ಷ ಹಿಡಿಯಿತು. ಆ ಹದಿನೈದು ವರ್ಷದ ಫಲವೇ ೧೯೨೬.

ನಡುವೆ ನಾಡಿನಲ್ಲಿ ಕೆಲಸಗಳು ನಡೆದಿದ್ದವು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು, ೧೯೧೯ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ'ವನ್ನು ಹೊರತಂದರು. ಶ್ರೀಯವರೇ ಮೊದಲು ದಾರಿ ಕಡಿದರೆಂದು ಹೇಳಿದರೆ ಹಿಂದಿನವರಿಗೆ ಅನ್ಯಾಯವಾದೀತು. ಅವರಿಗಿಂತ ಮುಂಚೆಯೇ ಎಸ್.ಜಿ. ನರಸಿಂಹಾಚಾರ್ಯರು ಇಂಗ್ಲಿಷ್ ಕವಿತೆಗಳನ್ನು ಕನ್ನಡಿಸಿದ್ದರು; ಕರಾವಳಿಯಲ್ಲಿ ಪಂಜೆ ಮಂಗೇಶರಾಯರೂ ಹಟ್ಟಿಯಂಗಡಿ ನಾರಾಯಣರಾಯರೂ ಅದೇ ಕೆಲಸ ಮಾಡಿದ್ದರು. ಮಂಜೇಶ್ವರದ ಗೋವಿಂದ ಪೈಗಳಂತೂ ೧೯೧೧ರಲ್ಲಿಯೇ ಪ್ರಾಸವನ್ನು ಕೈಬಿಟ್ಟಿದ್ದರು. ಎಲ್ಲರೂ ಹಾರೆ ಹಿಡಿದವರೇ. ಆದರೆ ಜನ ಓಡಾಡುವ ರಸ್ತೆಯಾದದ್ದು ಶ್ರೀಯವರ ಕೈಯಲ್ಲಿ. ಮೊದಲು ಕಿರಿದಾಗಿ ಬಂದ ಅವರ ಸಂಗ್ರಹ ೧೯೨೬ರಲ್ಲಿ ಸುಮಾರು ಅರವತ್ತು ಕವಿತೆಗಳ ತುಂಬು ಪುಸ್ತಕವಾಯಿತು.

ಆ ಪುಸ್ತಕ ಏನು ಮಾಡಿತೆಂಬುದನ್ನು ತಿಳಿಯಲು ಛಂದಸ್ಸಿನ ಮಾತು ಸ್ವಲ್ಪ ಆಡಬೇಕು, ಓದುಗರು ಬೇಸರಿಸಬಾರದು. ನಮ್ಮ ಹಳೆಯ ಕಾವ್ಯದಲ್ಲಿ ಪಾದಪಾದದ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕೆಂಬ ಆದಿಪ್ರಾಸದ ಕಟ್ಟಿತ್ತು. ಮಹಾಕವಿಗೆ ಅದು ಒಡವೆ, ಉಳಿದವರಿಗೆ ಸಂಕೋಲೆ. ಪದ್ಯದ ಆಕಾರಗಳೂ ಎಣಿಸಿದಷ್ಟು: ವೃತ್ತ, ಕಂದ, ರಗಳೆ, ಷಟ್ಪದಿ, ಸಾಂಗತ್ಯ. ಶ್ರೀಯವರು ಮಾಡಿದ್ದು ಇಷ್ಟು. ಷಟ್ಪದಿ ರಗಳೆಗಳ ಒಳಗಿದ್ದ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಬಿಡಿಸಿಕೊಂಡರು, ಹಳೆಯ ಮನೆಯ ಇಟ್ಟಿಗೆಗಳನ್ನು ಜೋಪಾನವಾಗಿ ಕಳಚಿದ ಹಾಗೆ. ಆ ಇಟ್ಟಿಗೆಗಳಿಂದಲೇ ಹೊಸ ಹೊಸ ಅಳತೆಯ ಕೋಣೆಗಳನ್ನು ಕಟ್ಟಿದರು. ಒಂದು ಸಾಲು ನೀಳ, ಒಂದು ಸಾಲು ಮೋಟು. ಪ್ರಾಸ ಬೇಕೆನಿಸಿದರೆ ಸಾಲಿನ ಕೊನೆಗೆ. ಭಾವ ಮುಗಿದಲ್ಲಿ ಪದ್ಯ ಮುಗಿಯಿತು. ಇಟ್ಟಿಗೆ ಕನ್ನಡದ್ದು, ನಕ್ಷೆ ಪರದೇಶದ್ದು.

ಉದಾಹರಣೆಗೆ ಅವರು ಅನುವಾದಿಸಿದ ಕಾರ್ಡಿನಲ್ ನ್ಯೂಮನ್ನನ ಪ್ರಾರ್ಥನೆಯನ್ನೇ ತೆಗೆದುಕೊಳ್ಳಬಹುದು. ೧೮೩೩ರಲ್ಲಿ ಸಿಸಿಲಿಯಿಂದ ಹಿಂದಿರುಗುತ್ತಿದ್ದ ನ್ಯೂಮನ್, ಗಾಳಿಯಿಲ್ಲದೆ ಹಡಗು ಬೊನಿಫಾಸಿಯೊ ಜಲಸಂಧಿಯಲ್ಲಿ ನಿಂತುಬಿಟ್ಟಾಗ ಬರೆದ ಹಾಡು ಅದು. ಗಾಂಧೀಜಿಯವರಿಗೆ ಬಹು ಪ್ರಿಯವಾಗಿದ್ದುದು. ಕನ್ನಡದಲ್ಲಿ ಅದು ಎಷ್ಟು ಶಾಲೆಗಳ ಪ್ರಾರ್ಥನೆಯಾಗಿದೆ, ಎಷ್ಟು ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಕೇಳಿಬಂದಿದೆ, ಲೆಕ್ಕವಿಟ್ಟವರಿಲ್ಲ. ಅದು ಅನುವಾದವೆಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ಈಗಲೂ ನಂಬುವುದಿಲ್ಲ. ಕಾರಣವೇನು? ಇಂಗ್ಲಿಷಿನಲ್ಲಿ ನೀಳ ಸಾಲಿನ ಬೆನ್ನಿಗೆ ಮೋಟು ಸಾಲು ಬರುತ್ತದೆ. ಶ್ರೀಯವರು ಆ ಏರಿಳಿತವನ್ನು ಉಳಿಸಿಕೊಂಡರು. ಆದರೆ ಒಳಗೆ ಹರಿಯಿಸಿದ್ದು ಐದೈದು ಮಾತ್ರೆಯ ಗಣಗಳನ್ನು. ಅವರ ನೀಳ ಸಾಲಿನಲ್ಲಿ ಅಂಥ ನಾಲ್ಕು ಗಣಗಳಿವೆ, ಒಟ್ಟು ಇಪ್ಪತ್ತು ಮಾತ್ರೆ. ವಾರ್ಧಕ ಷಟ್ಪದಿಯ ಮೊದಲ ಸಾಲಿನ ಅಳತೆಯೂ ಸರಿಯಾಗಿ ಅಷ್ಟೇ. ವಾರ್ಧಕವೆಂದರೆ ಯಾರ ನಡೆ? ಲಕ್ಷ್ಮೀಶನದು, ಜೈಮಿನಿ ಭಾರತದ್ದು. ಸುಧನ್ವನ ಊರೆಂದು ಹೇಳಿಸಿಕೊಳ್ಳುವ ಹಳ್ಳಿಯಲ್ಲಿ ಹುಟ್ಟಿದ ಕವಿ, ಇಂಗ್ಲೆಂಡಿನ ಪಾದ್ರಿಯೊಬ್ಬನ ಮೊರೆಯನ್ನು ಸುಧನ್ವನ ಕಥೆಯ ಲಯದಲ್ಲಿಯೇ ಕನ್ನಡಿಸಿದ್ದಾರೆ. ಹಳ್ಳಿಯ ಜಗಲಿಯ ಮೇಲೆ ಜೈಮಿನಿ ಓದಿಸಿ ಕೇಳಿದ್ದ ಕಿವಿಗೆ ಆ ಪ್ರಾರ್ಥನೆ ಹೊರಗಿನದೆನಿಸದಿದ್ದರೆ ಆಶ್ಚರ್ಯವೇನು? ಇದು ಅವರು ತಿಳಿದು ಮಾಡಿದ್ದೋ ತಾನಾಗಿ ಬಂದದ್ದೋ ಎಂದು ತರ್ಕಿಸುವುದು ನನಗೆ ಮುಖ್ಯವಲ್ಲ. ಕನ್ನಡ ಛಂದಸ್ಸಿನ ಚರಿತ್ರೆಯನ್ನೇ ಮುಂದೆ ಬರೆದವರು ಅವರು. ಕೈಗೆ ಬಂದ ಗಣದ ವಂಶಾವಳಿ ಅವರಿಗೆ ಗೊತ್ತಿರಲಿಲ್ಲವೆನ್ನಲಾರೆ.

ಇದಕ್ಕೆ ತೀರ ಬೇರೆ ಜಾತಿಯದು ಥಾಮಸ್ ನ್ಯಾಷ್ ಕವಿಯ ವಸಂತಗೀತ. ಹಕ್ಕಿಗಳ ಕೂಗನ್ನು ಇಂಗ್ಲಿಷ್ ಕವಿ ಹೇಗೆ ಕೇಳಿಸಿಕೊಂಡನೋ ಹಾಗೆಯೇ ಕನ್ನಡದ ಕವಿತೆಯಲ್ಲಿಯೂ ಕೂಗಿಸಿಬಿಟ್ಟಿದ್ದಾರೆ. ಪಂಡಿತರು ಹುಬ್ಬು ಗಂಟಿಕ್ಕಿರಬೇಕು, ಮಕ್ಕಳು ಕುಣಿದರು. ಚಾರ್ಲ್ಸ್ ಲ್ಯಾಮ್ ತನ್ನ ಬಳಕೆಯ ಮುಖಗಳೆಲ್ಲ ಮರೆಯಾದುವೆಂದು ಹಲುಬುವ ಕವಿತೆಯ ಕನ್ನಡ ರೂಪವನ್ನು, ನನಗೆ ವಯಸ್ಸು ನಲವತ್ತು ದಾಟಿದ ಮೇಲೆ ಗಟ್ಟಿಯಾಗಿ ಓದುವುದು ಕಷ್ಟವಾಗಿದೆ.

ಆದರೆ ಪುಸ್ತಕದ ಶಿಖರ ನನ್ನ ಮಟ್ಟಿಗೆ 'ದುಃಖಸೇತು.' ಥಾಮಸ್ ಹುಡ್ ಕವಿ ೧೮೪೪ರಲ್ಲಿ ಬರೆದ, ಲಂಡನ್ನಿನ ಸೇತುವೆಯಿಂದ ಹಾರಿ ಪ್ರಾಣ ಕಳೆದುಕೊಂಡ ನಿರ್ಗತಿಕ ಹೆಣ್ಣೊಬ್ಬಳ ಶವವನ್ನು ನೀರಿನಿಂದೆತ್ತುವ ಕವಿತೆ. ಅವಳು ಏನು ತಪ್ಪು ಮಾಡಿದಳೆಂದು ಕೇಳಬೇಡಿ, ಮೆಲ್ಲಗೆ ಎತ್ತಿರಿ ಎಂಬುದು ಅದರ ಕೊರಳು. ಲಂಡನ್ನಾಗಲಿ ಥೇಮ್ಸ್ ನದಿಯಾಗಲಿ ನಮ್ಮ ಹುಡುಗಿಯರಿಗೆ ಗೊತ್ತಿಲ್ಲ. ಆದರೆ ಕೊರಟಗೆರೆಯ ಕಡೆಯಿಂದಲೋ ಸಿರಾದ ಕಡೆಯಿಂದಲೋ ಬಸ್ಸಿನಲ್ಲಿ ಬರುವ ಈ ಮಕ್ಕಳಿಗೆ ಕೆರೆ ಬಾವಿಗಳ ಕಥೆ ಗೊತ್ತು. ಊರಿನ ಜನ ಬಾವಿಕಟ್ಟೆಯ ಸುತ್ತ ನಿಂತು, ಸತ್ತವಳ ನಡತೆಯನ್ನು ಕುರಿತು ಪಿಸುಗುಟ್ಟುವುದನ್ನು ಅವರು ಕೇಳಿದ್ದಾರೆ. ಒಮ್ಮೆ ತರಗತಿಯಲ್ಲಿ ಈ ಕವಿತೆಯನ್ನು ಓದಿ ಮುಗಿಸಿದಾಗ ಯಾರೂ ಪ್ರಶ್ನೆ ಕೇಳಲಿಲ್ಲ; ಗಂಟೆ ಹೊಡೆದರೂ ಹಿಂದಿನ ಬೆಂಚಿನ ಮೂವರು ಹುಡುಗಿಯರು ಏಳಲಿಲ್ಲ. ನಾನೂ ವ್ಯಾಖ್ಯಾನ ಮಾಡಲಿಲ್ಲ. ಹೊಸಗನ್ನಡ ಕಾವ್ಯ ದೇವರನ್ನೂ ಅರಸನನ್ನೂ ಬಿಟ್ಟು ಅನಾಮಿಕಳಾದ ಒಬ್ಬ ಬಡ ಹೆಣ್ಣಿನ ಶವದೆದುರು ತಲೆಬಾಗಿ ನಿಂತದ್ದು ನವೋದಯಕ್ಕೆ ಈ ಅನುವಾದ ಕೊಟ್ಟ ದೊಡ್ಡ ಕಾಣಿಕೆ.

ಅರವತ್ತೂ ಒಂದೇ ತೂಕದವಲ್ಲ, ಒಪ್ಪಬೇಕು. ಕೆಲವೆಡೆ ಹಳಗನ್ನಡದ ರೂಪಗಳು ಆಡುಮಾತಿನ ಪಕ್ಕದಲ್ಲಿ ಮುಖ ತಿರುವಿಕೊಂಡು ನಿಲ್ಲುತ್ತವೆ. ಕೆಲವು ಕವಿತೆಗಳ ಭಾವವೇ ಆ ದೇಶದ ಚಳಿಗೆ ಹುಟ್ಟಿದ್ದು, ನಮ್ಮ ಬಿಸಿಲಿಗೆ ಬಾಡುತ್ತದೆ. ಕನ್ನಡ ಕಾವ್ಯ ಇಂಗ್ಲಿಷಿನ ಭಾವಗೀತೆಯ ಅಚ್ಚಿಗೆ ಬಿದ್ದುದರಿಂದ ವಚನಕಾರರ ಕಟುತ್ವವನ್ನೂ ಜನಪದದ ಸೊಗಡನ್ನೂ ಕೆಲಕಾಲ ಮರೆಯಿತೆಂಬ ಆಕ್ಷೇಪಣೆಯುಂಟು. ಅದನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಆಕ್ಷೇಪಣೆಗೆ ಉತ್ತರ ಅದೇ ವರ್ಷದ ಇನ್ನೊಂದು ಪುಸ್ತಕದಲ್ಲಿದೆ.

'ಗದಾಯುದ್ಧ ನಾಟಕಂ' ಎಂಬುದು ರನ್ನನ 'ಸಾಹಸಭೀಮ ವಿಜಯ'ವನ್ನು ನಾಟಕವಾಗಿ ಜೋಡಿಸಿದ ಕೃತಿ. ರನ್ನನ ಕಾವ್ಯದಲ್ಲಿ ಮಾತುಗಳು ತಾವಾಗಿಯೇ ರಂಗಕ್ಕೆ ಹಾತೊರೆಯುತ್ತವೆ. ಶ್ರೀಯವರು ಕಥನವನ್ನು ಸೋಸಿ ಆ ಮಾತುಗಳಿಗೆ ಎಡೆ ಮಾಡಿಕೊಟ್ಟರು. ಆದರೆ ಗಾಢವಾದ ಬದಲಾವಣೆ ದೃಷ್ಟಿಯಲ್ಲಿದೆ. ರನ್ನನ ನಾಯಕ ಭೀಮ, ಅವನ ಹಿಂದೆ ಚಾಳುಕ್ಯ ದೊರೆ. ಶ್ರೀಯವರ ಕಣ್ಣಿಗೆ ಕಂಡವನು ದುರ್ಯೋಧನ: ಎಲ್ಲವನ್ನೂ ಕಳೆದುಕೊಂಡು, ಸತ್ತ ಬಂಧುಗಳ ನಡುವೆ ನಡೆದು, ಛಲವನ್ನು ಮಾತ್ರ ಬಿಡದೆ ಬೀಳುವ ವೀರ. ಗ್ರೀಕರು ದುರಂತ ನಾಟಕವೆಂದು ಯಾವುದನ್ನು ಪೂಜಿಸಿದರೋ ಅದನ್ನು 'ರುದ್ರನಾಟಕ'ವೆಂದು ಕರೆದು, ಅದರ ನಾಯಕನನ್ನು ನಮ್ಮ ಹಳಗನ್ನಡದಲ್ಲಿಯೇ ಹುಡುಕಿ ತೆಗೆದರು. ಇಂಗ್ಲಿಷ್ ಓದಿದವರು ಕನ್ನಡವನ್ನು ಮರೆಯುತ್ತಿದ್ದ ಕಾಲದಲ್ಲಿ, ಇಂಗ್ಲಿಷ್ ಓದಿದ ಕಣ್ಣಿನಿಂದಲೇ ರನ್ನನನ್ನು ಹೊಸದಾಗಿ ಕಂಡರು. ಎರಡು ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡದವರಿಗೆ ಶ್ರೀಯವರು ಅರ್ಧ ಮಾತ್ರ ಕಂಡಾರು.

ಇದೇ ಹಾದಿಯಲ್ಲಿ ಮುಂದೆ ಸಾಫೊಕ್ಲೀಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಅಶ್ವತ್ಥಾಮನ ಮೇಲಿಟ್ಟು 'ಅಶ್ವತ್ಥಾಮನ್' ಬರೆದರು. ಏಜಾಕ್ಸನಂತೆ ಅಶ್ವತ್ಥಾಮನೂ ಸಾಯಬೇಕಾಯಿತು. ಚಿರಂಜೀವಿಯನ್ನು ಕೊಲ್ಲುವುದೆಂದರೇನು ಎಂದು ದೊಡ್ಡ ಗಲಭೆಯೆದ್ದಿತು. ಪುರಾಣದ ಲೆಕ್ಕದಲ್ಲಿ ಆಕ್ಷೇಪಿಸಿದವರದೇ ಸರಿ. ನಾಟಕದ ಲೆಕ್ಕದಲ್ಲಿ ಶ್ರೀಯವರದು. ಈಸ್ಕಿಲಸನ 'ಪಾರಸಿಕರು' ಇನ್ನೂ ನೇರವಾದ ಅನುವಾದ. ಈ ಎರಡನ್ನೂ ಇಂದು ಓದುವವರು ಕಡಮೆ, ಆಡುವವರು ಇನ್ನೂ ಕಡಮೆ.

೧೯೨೬ಕ್ಕೆ ಹಿಂದಿರುಗೋಣ. ಆ ವರ್ಷ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾದರು. ಬಳ್ಳಾರಿಯ ಸಾಹಿತ್ಯ ಸಮ್ಮೇಳನದಲ್ಲಿ ವಚನಗಳ ಉದ್ಧಾರಕರಾದ ಫ.ಗು. ಹಳಕಟ್ಟಿಯವರು ಅಧ್ಯಕ್ಷಪೀಠದಲ್ಲಿ ಕುಳಿತರು. ಬ್ರಜೇಂದ್ರನಾಥ ಸೀಲರು ಉಪಕುಲಪತಿಗಳಾಗಿದ್ದ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆ ಶ್ರೀಯವರಿಗೆ ಬಂದದ್ದೂ ಆಗಲೇ. ಕವಿಗೆ ಕಡತದ ಕೆಲಸ ಸಿಕ್ಕಿತೆಂದು ಮರುಗುವವರುಂಟು. ನಾನು ಮರುಗುವುದಿಲ್ಲ, ಏಕೆಂದರೆ ಮರುವರ್ಷ, ೧೯೨೭ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಕನ್ನಡದಲ್ಲಿ ಎಂ.ಎ. ಮಾಡಲು ಏನಿದೆ ಎಂದು ನಗುತ್ತಿದ್ದ ಕಾಲ ಅದು. ನಮ್ಮ ಪಾವಗಡದಿಂದ ದೂರವಲ್ಲದ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೇಷ್ಟರಾಗಿ ನಿಂತರು, ಕೃಷ್ಣಶಾಸ್ತ್ರಿಗಳು ಜೊತೆಗೂಡಿದರು, ಶ್ರೀಯವರೂ ಹೆಗಲು ಕೊಟ್ಟರು. ೧೯೨೯ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಕೆ.ವಿ. ಪುಟ್ಟಪ್ಪನವರೂ ಡಿ.ಎಲ್. ನರಸಿಂಹಾಚಾರ್ಯರೂ ಇದ್ದರು. ಒಬ್ಬರು ಮಹಾಕವಿ, ಮತ್ತೊಬ್ಬರು ಗ್ರಂಥಸಂಪಾದನೆಯ ಗುರು. ನಾನು ಪಡೆದಿರುವ ಕನ್ನಡ ಎಂ.ಎ. ಪದವಿಯ ಬೇರೂ ಅಲ್ಲೇ ಇದೆ. ಆ ಋಣವನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಶ್ರೀಯವರನ್ನು ನಾಡು 'ಕನ್ನಡದ ಕಣ್ವ' ಎಂದು ಕರೆಯಿತು. ಬಿರುದುಗಳ ಬಗೆಗೆ ನನಗೆ ವಿಶೇಷ ಒಲವಿಲ್ಲವಾದರೂ ಇದನ್ನು ಕೊಟ್ಟವರ ಜಾಣ್ಮೆಗೆ ತಲೆದೂಗುತ್ತೇನೆ. ಕಣ್ವ ಶಕುಂತಲೆಯ ಹೆತ್ತ ತಂದೆಯಲ್ಲ, ಸಾಕಿದ ತಂದೆ. ಸಂಬಳದ ಲೆಕ್ಕದಲ್ಲಿ ಶ್ರೀಯವರಿಗೂ ಕನ್ನಡಕ್ಕೂ ನಂಟಿರಲಿಲ್ಲ. 'ಇಂಗ್ಲಿಷ್ ಗೀತಗಳು' ಸಂಗ್ರಹದ ಅರ್ಪಣೆಯ ಕವಿತೆಯಲ್ಲಿ ಎರಡು ನುಡಿಗಳನ್ನೂ ಇಬ್ಬರು ಚೆಲುವೆಯರಾಗಿ ಕಂಡು, ಒಬ್ಬಳ ತೊಡವನ್ನು ಇನ್ನೊಬ್ಬಳಿಗೆ ತೊಡಿಸಿ ನೋಡುವ ಆಸೆಯನ್ನು ಹೇಳಿಕೊಂಡಿದ್ದಾರೆ. ಸವತಿಯರ ಜಗಳ ಅಲ್ಲಿಲ್ಲ.

ಈ ಮಾತು ನಮ್ಮ ಕಡೆ ಇಂದಿಗೂ ಜೀವಂತವಾದ ಪ್ರಶ್ನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇವುಗಳಲ್ಲಿ ಪಾವಗಡವನ್ನು ಬಹುಪಾಲು ಆಂಧ್ರದ ನೆಲ ಸುತ್ತುವರಿದಿದೆ. ಅಲ್ಲಿನ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಸಿರಾದಿಂದ ಬರುವ ಕೆಲವರ ಮನೆಮಾತು ಉರ್ದು. ಕನ್ನಡ ಇವರಿಗೆ ಶಾಲೆಯ ಮಾತು, ಇಂಗ್ಲಿಷ್ ನೌಕರಿಯ ಮಾತು. ನಾನು ಪಾಠ ಹೇಳುವ ಕಾಲೇಜಿನಲ್ಲಿ ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳುವವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು, ಕನ್ನಡ ಓದಿದರೆ ಏನು ಸಿಗುತ್ತದೆ ಸಾರ್ ಎಂದು ವಿನಯದಿಂದಲೇ ಕೇಳಿದರು. ಕೋಪಿಸಿಕೊಳ್ಳುವ ಪ್ರಶ್ನೆಯಲ್ಲ ಅದು. ಮಳೆಯನ್ನು ನಂಬಿ ಕೈಸುಟ್ಟುಕೊಂಡ ರೈತ ಮಗಳ ಅನ್ನದ ದಾರಿಯನ್ನು ಕೇಳುತ್ತಿದ್ದರು. ಇಂಗ್ಲಿಷನ್ನು ಬೈದು ಅವರಿಗೆ ಉತ್ತರ ಕೊಡುವುದಾಗದು. ಶ್ರೀಯವರೂ ಹಾಗೆ ಕೊಡಲಿಲ್ಲ. ಅವರು ಇಂಗ್ಲಿಷನ್ನು ಚೆನ್ನಾಗಿ ಕಲಿಸಿದರು, ಕಲಿತದ್ದನ್ನು ಕನ್ನಡಕ್ಕೆ ತಂದರು. ಆ ಹುಡುಗಿ ಕನ್ನಡವನ್ನೇ ತೆಗೆದುಕೊಂಡಳು. ಮನೆಯಲ್ಲಿ ತೆಲುಗಾಡುವ ಅವಳು ರನ್ನನನ್ನು ಓದುವಾಗ ಒತ್ತಕ್ಷರ ತಪ್ಪುವುದಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡಬಹುದು. ೧೯೨೮ರಲ್ಲಿ ನಿಜಾಮರ ಸೀಮೆಯ ಕಲಬುರ್ಗಿಯಲ್ಲಿ ನಡೆದ ಹದಿನಾಲ್ಕನೆಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೩೦ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವರ್ಗವಾಯಿತು. ಹಳೆಯ ಹೊಸ ಕವಿತೆಗಳನ್ನು ಆಯ್ದು 'ಕನ್ನಡ ಬಾವುಟ' ಹಾರಿಸಿದರು. ೧೯೩೮ರಲ್ಲಿ ಮಹಾರಾಜರಿಂದ 'ರಾಜಸೇವಾಸಕ್ತ' ಎಂಬ ಬಿರುದು ಬಂತು. ಅದೇ ವರ್ಷ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ ವಹಿಸಿಕೊಂಡು 'ಕನ್ನಡ ನುಡಿ' ಪತ್ರಿಕೆ, ಕನ್ನಡ ಪರೀಕ್ಷೆಗಳು, ಗಮಕದ ತರಗತಿಗಳು, ಮಹಿಳಾ ಶಾಖೆ, ಅಚ್ಚುಕೂಟ ಎಂದು ಊರೂರು ತಿರುಗಿದರು. ಗಮಕದ ತರಗತಿಯ ಮಾತು ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ: ನ್ಯಾಷ್ ಕವಿಯ ಹಕ್ಕಿಗಳನ್ನು ಕನ್ನಡದಲ್ಲಿ ಕೂಗಿಸಿದವರೇ ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಹಾಡಿ ಓದುವ ವಿದ್ಯೆ ಅಳಿಯದಂತೆ ಕಾಪಾಡಿದರು. ಶಿಷ್ಯರೂ ಮಿತ್ರರೂ ಸೇರಿ ೧೯೪೧ರಲ್ಲಿ 'ಸಂಭಾವನೆ' ಗ್ರಂಥವನ್ನು ಅವರಿಗೆ ಒಪ್ಪಿಸಿದರು. ಸ್ವಂತ ಕವಿತೆಗಳ 'ಹೊಂಗನಸುಗಳು' ೧೯೪೩ರಲ್ಲಿ ಬಂದಿತು. ತೆಳುವಾದ ಫಸಲು. ಊರಿಗೆಲ್ಲ ನೀರು ಹರಿಸಿದವನ ಹೊಲದಲ್ಲಿ ಪೈರು ಕಡಮೆಯಾದಂತೆ ಎಂದು ಅದನ್ನು ಓದುವಾಗ ನನಗೆ ಅನ್ನಿಸುವುದುಂಟು.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಮನೆ ಸೇರಿ ವಿಶ್ರಮಿಸಬಹುದಾಗಿತ್ತು. ಕರ್ನಾಟಕ ಎಜುಕೇಷನ್ ಬೋರ್ಡಿನವರು ಧಾರವಾಡದಲ್ಲಿ ತೆರೆದ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಬೇಕೆಂದು ಕರೆದಾಗ, ಅರವತ್ತರ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಟರು. ತರುಣರಾಗಿ ಕನ್ನಡ ತಲೆ ಎತ್ತುವ ಬಗೆಯನ್ನು ಮೊದಲು ಹೇಳಿದ್ದ ಊರು ಅದು. ೧೯೪೬ರ ಜನವರಿ ೩ಕ್ಕೆ ಅವರಿಗೆ ಅರವತ್ತೆರಡು ತುಂಬಿತು. ಎರಡು ದಿನದ ಅನಂತರ, ೫ರಂದು, ಧಾರವಾಡದಲ್ಲಿಯೇ ತೀರಿಕೊಂಡರು. ಅಂದು ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ಅವರ ಬೆಳ್ಳೂರು, ಸಂಪಿಗೆ, ಮೈಸೂರುಗಳೊಡನೆ ಅದು ಒಂದೇ ರಾಜ್ಯಕ್ಕೆ ಸೇರಲು ಇನ್ನೂ ಹತ್ತು ವರ್ಷಗಳಿದ್ದವು.